ಕೆಟ್ಟಿಲ್ಲ ಅಂದ್ಮೇಲೆ ಬಿಸಾಕೋದ್ಯಾಕೆ?

"ಕೆಟ್ಟಿಲ್ಲ ಅಂಕಲ್. ಹಳೇದು ಅಷ್ಟೇ. ಸ್ಕ್ರ್ಯಾಪ್‌ಗೆ ಹಾಕ್ಬಿಡಿ."

ಅಂಗಡಿಯ ಹುಡುಗ ಇಷ್ಟು ಹೇಳಿ ಲ್ಯಾಪ್‌ಟಾಪನ್ನು ಕೌಂಟರ್ ಮೇಲೆ ನಮ್ಮ ಕಡೆ ತಳ್ಳಿದ. ದೊಡ್ಡಪ್ಪ ಅದನ್ನೇ ನೋಡುತ್ತಾ ಕೇಳಿದರು: "ಕೆಟ್ಟಿಲ್ಲ ಅಂದ್ಮೇಲೆ ಬಿಸಾಕೋದ್ಯಾಕಪ್ಪಾ?" ಹುಡುಗ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಇನ್ನೊಬ್ಬರ ಫೋನ್ ಕೈಗೆ ತಗೊಂಡಿದ್ದ.

ಈ ವಾರವೆಲ್ಲ ಆ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ.

ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಹಾಸನದ ಕಡೆಯ ನಮ್ಮೂರಿನ ಕೆರೆ, ಕಟ್ಟೆ, ವೀರಗಲ್ಲು, ಹೊಲಗಳ ಹೆಸರು ಎಲ್ಲವನ್ನೂ ವರ್ಷಗಟ್ಟಲೆ ಕೂತು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಲ್ಯಾಪ್‌ಟಾಪ್ 2012ರದ್ದು. ತುಂಬಾ ನಿಧಾನ ಆಯ್ತು ಅಂತ ಅಂಗಡಿಗೆ ಕೊಟ್ಟಿದ್ದರು. ಅಲ್ಲಿಯವರು ಮೊದಲು ಡಿಸ್ಕ್ ಪೂರ್ತಿ ಅಳಿಸಿದರು. ಆಮೇಲೆ, ಇದಕ್ಕೆ ವಿಂಡೋಸ್ 11 ಹಾಕೋಕಾಗಲ್ಲ ಅಂದರು. ಪುಣ್ಯಕ್ಕೆ ಫೈಲುಗಳೆಲ್ಲ ಪೆನ್‌ಡ್ರೈವ್‌ನಲ್ಲಿದ್ದವು. ಆದರೂ ನನಗೆ ಸಿಟ್ಟು ಇಳಿದಿಲ್ಲ. ಹಾಕೋಕಾಗುತ್ತಾ ಇಲ್ವಾ ಅಂತ ಮೊದಲು ನೋಡಿಕೊಂಡು ತಾನೇ ಅಳಿಸಬೇಕು?

ಹುಡುಗ ಸುಳ್ಳೇನೂ ಹೇಳಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಇದರಲ್ಲಿರುವುದು ಮೂರನೇ ತಲೆಮಾರಿನ ಐ3. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲ ನಿಜ. ಆದರೆ ಮುಗಿದಿದ್ದು ಒಂದು ಸಾಫ್ಟ್‌ವೇರಿನ ಗಡುವು. ಸ್ಕ್ರೀನು, ಕೀಬೋರ್ಡು, ಮದರ್‌ಬೋರ್ಡು ಎಲ್ಲ ಗಟ್ಟಿಮುಟ್ಟಾಗಿವೆ.

ಮನೆಗೆ ತಂದು ಆನ್ ಮಾಡಿದರೆ ಕಪ್ಪು ಸ್ಕ್ರೀನ್ ಮೇಲೆ ಒಂದೇ ಸಾಲು: ಬೂಟ್ ಮಾಡಲು ಏನೂ ಇಲ್ಲ. ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆ. ನಾನು ಇನ್ನೊಂದು ಕಂಪ್ಯೂಟರಿನಲ್ಲಿ ಅದರ 22ನೇ ಆವೃತ್ತಿಯ ಹಗುರವಾದ ರೂಪ ಎಕ್ಸ್‌ಎಫ್‌ಸಿಇಯನ್ನು ಇಳಿಸಿಕೊಂಡು, ರೂಫಸ್ ಅನ್ನುವ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದೆ. ಇದಕ್ಕೆ 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ 4 ಇದೆ. 2029ರವರೆಗೆ ಅಪ್‌ಡೇಟ್ ಬರುತ್ತದೆ. ದುಡ್ಡು ಕೊಡಬೇಕಿಲ್ಲ.

ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದೆ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಬಂತು. ಇನ್ನೂ ಇನ್‌ಸ್ಟಾಲ್ ಮಾಡಿಲ್ಲ, ಎಲ್ಲ ಪೆನ್‌ಡ್ರೈವ್‌ನಿಂದಲೇ ನಡೆಯುತ್ತಿದೆ. ವೈಫೈ ಹಿಡಿಯಿತು, ಸ್ಪೀಕರ್ ಮಾತಾಡಿತು, ಕ್ಯಾಮೆರಾದಲ್ಲಿ ದೊಡ್ಡಪ್ಪನ ಮುಖ ಕಂಡಿತು. ಅವರು ಬಗ್ಗಿ ನೋಡಿ ಮತ್ತೆ ಅದನ್ನೇ ಕೇಳಿದರು: "ನೋಡು, ಕೆಟ್ಟಿಲ್ಲ ಅಲ್ವಾ? ಬಿಸಾಕೋದ್ಯಾಕೆ ಅಂತೀನಿ."

ಒಂದೇ ಒಂದು ತಕರಾರು ಇತ್ತು. ವೈಫೈ ಹಿಡಿಯುವ ಮುಂಚೆ ಎಷ್ಟೋ ಹಿಂದಿನ ತಾರೀಖು ತೋರಿಸುತ್ತಿತ್ತು. ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ತಾರೀಖು ಹಿಂದಿದ್ದರೆ ಎಷ್ಟೋ ವೆಬ್‌ಸೈಟುಗಳು ತೆರೆಯುವುದೇ ಇಲ್ಲ. ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಬ್ರೌಸರ್ ನಿರಾಕರಿಸುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಟೈಮ್ ತಾನೇ ಸರಿಹೋಗುತ್ತದೆ, ಆದರೆ ಆಫ್ ಮಾಡಿದರೆ ಮತ್ತೆ ಅದೇ ಕತೆ. ಹಿಂದಿನ ಕವರ್ ಬಿಚ್ಚಿ ಹೊಸ ಸಿಆರ್2032 ಸೆಲ್ ಹಾಕಿದ್ದಾಯಿತು. ಇಂಥ ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟು ಜನ ಇಡೀ ಯಂತ್ರವನ್ನೇ ಗುಜರಿಗೆ ಹಾಕಿರಬಹುದು ಅನ್ನಿಸಿ ನಿಜಕ್ಕೂ ಸಂಕಟವಾಯಿತು.

ಇನ್‌ಸ್ಟಾಲ್ ಮುಗಿದ ಮೇಲೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ವಿನ್ಯಾಸ ಆರಿಸಿದೆ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳನ್ನು ಹೊಂದಿಸಲು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಇದು, ನುಡಿಯಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ. ದೊಡ್ಡಪ್ಪನ ಬೆರಳುಗಳು ಹೆಚ್ಚೇನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಕೀಲಿ ನೋಡದೆ ಊರಿನ ಹೆಸರು ಟೈಪ್ ಮಾಡಿದರು. ಫಾಂಟುಗಳ ಪಟ್ಟಿಯಲ್ಲಿ ಗುಬ್ಬಿ, ನವಿಲು ಅಂತ ಕಂಡು ಮುಖ ಅರಳಿತು. ಎರಡನ್ನೂ ಹಾಕಿ ನೋಡಿ ನವಿಲನ್ನೇ ಇಟ್ಟುಕೊಂಡರು.

ಅಂಗಡಿಯ ಹುಡುಗ ಕೆಟ್ಟವನೇನಲ್ಲ. ಕೈ ಚುರುಕು, ಕೆಲಸ ಗೊತ್ತು. ಆದರೆ ಹಳೇ ಯಂತ್ರದ ಮುಂದೆ ಅರ್ಧ ದಿನ ಕೂತರೆ ಅಂಗಡಿಗೆ ಸಿಗುವುದು ಮುನ್ನೂರು ರೂಪಾಯಿ, ಹೊಸದು ಮಾರಿದರೆ ಲಾಭ ಜಾಸ್ತಿ. ಅವನಿಗೆ ಬೇರೆ ಉತ್ತರ ಕಲಿಸಿದವರೂ ಇಲ್ಲ. ನನಗೆ ಬೇಸರ ಇರುವುದು ಆ ಉತ್ತರವನ್ನು ನಾವೆಲ್ಲ ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ ಅನ್ನುವುದಕ್ಕೆ. ಹೊಸದು ಕೊಳ್ಳಲು ಆಗುವವರಿಗೆ ಅದೊಂದು ಖರ್ಚು, ಅಷ್ಟೇ. ಆಗದವರಿಗೆ ಅಲ್ಲಿಗೆ ಕಂಪ್ಯೂಟರ್ ಸಹವಾಸವೇ ಮುಗಿಯಿತು. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ಅಲ್ಲಿನ ಸರ್ಕಾರದ್ದೇ ಆದ ಕೈಟ್ ಸಂಸ್ಥೆ ವರ್ಷಗಳಿಂದ ಲಿನಕ್ಸ್ ಆಧಾರಿತ ಸಿಸ್ಟಮ್ಮನ್ನೇ ಹಾಕಿಕೊಡುತ್ತಿದೆ. ಮಕ್ಕಳು ಕಲಿಯುತ್ತಿದ್ದಾರೆ. ನಮ್ಮೂರ ಶಾಲೆಯ ರೂಮಿನಲ್ಲಿ ಮಾತ್ರ ಹಳೇ ಕಂಪ್ಯೂಟರುಗಳು ಸುಮ್ನೆ ಬೆಡ್‌ಶೀಟ್ ಹೊದ್ದು ಕೂತಿವೆ. ಅವುಗಳನ್ನೂ ಯಾರೋ ಒಬ್ಬರು ಬಂದು ನೋಡಿ "ಹಳೇದು" ಅಂದು ಹೋಗಿದ್ದರಂತೆ.

ದೊಡ್ಡಪ್ಪನ ಫೈಲುಗಳ ಕೆಲಸ ಇನ್ನೂ ಬಾಕಿ ಇದೆ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದಿದ್ದರೆ ಪುಟ ತುಂಬ ಅರ್ಥವಾಗದ ಗೀಚು ಕಾಣುತ್ತದೆ. ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ. ಅದನ್ನು ತಿದ್ದಲು ಮೇಷ್ಟ್ರೇ ಬೇಕು. ದೊಡ್ಡಪ್ಪ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಕೂರುತ್ತಿದ್ದಾರೆ. ಕೆರೆಗಳ ಅಧ್ಯಾಯ ಮುಗಿದಿದೆ, ವೀರಗಲ್ಲು ನಡೆಯುತ್ತಿದೆ.

ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಶನಿವಾರ ಮಧ್ಯಾಹ್ನ ಬರುತ್ತೇನೆ ಅಂದಿದ್ದೇನೆ. ಬೆಡ್‌ಶೀಟ್ ತೆಗೆದು ಒಂದೊಂದನ್ನೇ ಆನ್ ಮಾಡಿ ನೋಡಬೇಕು. ಪೆನ್‌ಡ್ರೈವ್ ರೆಡಿ ಇದೆ, ಸೆಲ್‌ಗಳನ್ನು ತಂದಿಟ್ಟಿದ್ದೇನೆ. ದೊಡ್ಡಪ್ಪನೂ ಬರುತ್ತಾರಂತೆ. ಮಕ್ಕಳಿಗೆ ಕಗಪ ಹೇಳಿಕೊಡುವುದು ತಮ್ಮ ಪಾಲಿನ ಕೆಲಸ ಅಂತ ಈಗಲೇ ಹೇಳಿಬಿಟ್ಟಿದ್ದಾರೆ.