ಮಳೆ ತೋರಿಸಿದ ಮಡಿಕೆಗಳು

ರಜೆಗೆಂದು ಗೋವಾಕ್ಕೆ ಹೋದ ಎರಡನೆಯ ದಿನ ಬೆಳಗಿನಿಂದಲೇ ಮಳೆ ಹಿಡಿದಿದ್ದರಿಂದ ಕಡಲತೀರದ ಆಸೆ ಬಿಟ್ಟು, ಬೊಗ್ಮಾಲೊದ ನೌಕಾ ವಾಯುಯಾನ ವಸ್ತುಸಂಗ್ರಹಾಲಯಕ್ಕೆ ಮಗಳನ್ನು ಕರೆದುಕೊಂಡು ಹೋದೆ. 1998ರಲ್ಲಿ ಆರಂಭವಾದ ಈ ಸಂಗ್ರಹಾಲಯದ ವಿಮಾನಗಳು ಬಯಲಿನಲ್ಲೇ ನಿಂತಿವೆ. ಹಾಗಾಗಿ ಮಳೆಗಾಲದಲ್ಲಿ ಅಲ್ಲಿಗೆ ಹೋಗುವುದು ವ್ಯರ್ಥವೆಂದು ತೋರಬಹುದು. ನನಗಾದರೋ ಮಳೆಯಿಂದಲೇ ಉಪಕಾರವಾಯಿತು. ಬಿಸಿಲಿನಲ್ಲಿ ಬಣ್ಣದಡಿ ಮರೆಯಾಗಿರುವ ಸಂದುಗಳನ್ನೆಲ್ಲ ನೀರು ಗೆರೆ ಎಳೆದು ತೋರಿಸುತ್ತಿತ್ತು.

ಸೀ ಹಾಕ್ ವಿಮಾನದ ಮೇಲೆ ಬಿದ್ದ ನೀರು ರೆಕ್ಕೆಯ ತುದಿ ಮುಟ್ಟದೆ, ನಡುವೆಯೇ ಒಂದು ಸೀಳಿನಲ್ಲಿ ಇಳಿದು ತೊಟ್ಟಿಕ್ಕುತ್ತಿತ್ತು. ಅದು ರೆಕ್ಕೆ ಮಡಚಿಕೊಳ್ಳುವ ಜಾಗ. ತುದಿಯಿಂದ ತುದಿಗೆ ಸುಮಾರು 12 ಮೀಟರ್ ಇರುವ ಈ ಜೆಟ್, ರೆಕ್ಕೆಗಳನ್ನು ಮೇಲಕ್ಕೆ ಮಡಚಿದಾಗ ಸುಮಾರು 4 ಮೀಟರಿಗೆ ಕುಗ್ಗಿ, ಲಿಫ್ಟಿನಲ್ಲಿ ಇಳಿದು ವಿಮಾನವಾಹಕ ಹಡಗಿನೊಳಗಿನ ಹ್ಯಾಂಗರ್, ಅಂದರೆ ವಿಮಾನಗಳ ತಂಗುದಾಣ, ಸೇರುತ್ತಿತ್ತು. ಈ ಅನುಕೂಲ ಪುಕ್ಕಟೆಯದಲ್ಲ: ಕೀಲು, ಬೀಗ, ಅವನ್ನು ಆಡಿಸುವ ಸಲಕರಣೆ ಎಲ್ಲವೂ ಹಾರುವಾಗ ಹೊರಬೇಕಾದ ಭಾರವೇ. (ಅಂದು ಗಾಳಿಗೆ ನನ್ನ ಕೊಡೆ ಮುರಿದದ್ದೂ ಮಡಚುವ ಕೀಲಿನಲ್ಲೇ.)

ಬಾಲದ ಕೆಳಗಿನ ಕೊಕ್ಕೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಅದು ಹಡಗಿನ ಅಟ್ಟಕ್ಕೆ ಅಡ್ಡವಾಗಿ ಬಿಗಿದ ತಂತಿಗೆ ಸಿಕ್ಕಿಕೊಂಡರೆ ಮಾತ್ರ ವಿಮಾನ ನಿಲ್ಲುತ್ತದೆ. ಆದ್ದರಿಂದ ಚಕ್ರ ತಾಗಿದ ಕ್ಷಣದಲ್ಲಿ ಪೈಲಟ್ ಎಂಜಿನ್ನಿನ ಬಲ ತಗ್ಗಿಸುವ ಬದಲು ಹೆಚ್ಚಿಸುತ್ತಾನೆ. ತಂತಿ ತಪ್ಪಿದರೆ ಮತ್ತೆ ಹಾರಲೇಬೇಕಲ್ಲ! 1961ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ನೌಕೆಯಿಂದ ಇವೇ ಸೀ ಹಾಕ್‌ಗಳೂ, ಫ್ರಾನ್ಸಿನ ಅಲೀಝೆಗಳೂ 1971ರ ಡಿಸೆಂಬರಿನಲ್ಲಿ ಹಾರಿ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದವು. ಹಡಗು ಗಾಳಿಗೆದುರಾಗಿ ಓಡಿದಷ್ಟೂ ವಿಮಾನ ಮೇಲೇರುವುದೂ, ಇಳಿದು ನಿಲ್ಲುವುದೂ ಸುಲಭ. ಆದರೆ ಬಾಯ್ಲರ್ ಒಂದು ಬಿರುಕು ಬಿಟ್ಟಿದ್ದರಿಂದ ಆ ಯುದ್ಧದಲ್ಲಿ ವಿಕ್ರಾಂತ್ ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಇದನ್ನು ತಿಳಿದು ನೋಡಿದಾಗ ಆ ಪುಟ್ಟ ಕೊಕ್ಕೆಯ ಮೇಲಿನ ಗೌರವ ಹೆಚ್ಚುತ್ತದೆ.

ಸೀ ಹ್ಯಾರಿಯರ್ ಬಳಿಗೆ ಬರುವಷ್ಟರಲ್ಲಿ ಮಗಳ ಕಣ್ಣು ಪಳಗಿತ್ತು. "ಅಪ್ಪಾ, ಇದರ ರೆಕ್ಕೆಯಲ್ಲಿ ಮಡಚುವ ಗೆರೆಯೇ ಇಲ್ಲವಲ್ಲ?" ಎಂದಳು. ಇಲ್ಲ, ಬೇಕಾಗಿಲ್ಲ, ಒಟ್ಟು ಅಗಲ 8 ಮೀಟರಿಗೂ ಕಡಿಮೆ. ಲಿಫ್ಟಿನಲ್ಲಿ ಹಿಡಿಸಲೆಂದು ಇದು ಮಡಚಿಕೊಳ್ಳುವುದು ಮೂತಿಯನ್ನು. ಎಂಜಿನ್ನಿನ ರಭಸವನ್ನು ಕೆಳಕ್ಕೆ ತಿರುಗಿಸುವ ನಾಲ್ಕು ನಳಿಕೆಗಳಿಂದಾಗಿ ನೇರವಾಗಿ ಇಳಿಯಬಲ್ಲದ್ದರಿಂದ ಇದಕ್ಕೆ ಕೊಕ್ಕೆಯ ಹಂಗೂ ಇಲ್ಲ. 1983ರಲ್ಲಿ ಬಂದ ಈ ವಿಮಾನಗಳು 2016ರಲ್ಲಿ ನಿವೃತ್ತವಾದವು.

ಒಳಗಿನ ಕೋಣೆಗಳನ್ನು ಬೇಗನೆ ಮುಗಿಸಿದೆವು. ಅಲ್ಲಿಯ ಎಂಜಿನ್‌ಗಳಿಗಿಂತ ಹೊರಗಿನ ದೈತ್ಯವೇ ನಮ್ಮನ್ನು ಸೆಳೆಯುತ್ತಿತ್ತು. ಒಂದು ಕಾಲದಲ್ಲಿ ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು, ಬಳಿಕ ನೌಕಾಪಡೆಗಾಗಿ ಕಡಲಿನ ಮೇಲೆ ಕಣ್ಣಿಟ್ಟ ಸೂಪರ್ ಕಾನ್‌ಸ್ಟಲೇಶನ್ ಅದು. ಎತ್ತರದ ಒಂದೇ ಬಾಲದ ಬದಲು ಇದಕ್ಕೆ ಗಿಡ್ಡನೆಯ ಮೂರಿವೆ. ಹ್ಯಾಂಗರಿನ ಬಾಗಿಲಲ್ಲಿ ತೂರಲೆಂದು ಮಾಡಿದ ಏರ್ಪಾಡು. ರೆಕ್ಕೆಯಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ. ಮಳೆ ತಗ್ಗುವವರೆಗೆ ನಾವಿಬ್ಬರೂ ಅದರ ಕೆಳಗೆ ನಿಂತಿದ್ದೆವು. ನೀರು ನಡುವೆ ಎಲ್ಲೂ ಒಡೆಯದೆ, ತುದಿಯವರೆಗೆ ಒಂದೇ ಪರದೆಯಾಗಿ ಸುರಿಯುತ್ತಿತ್ತು.