ಚರ್ಚಾ ತಾಣಗಳಲ್ಲಿ ಲಿಂಕ್ ಹಾಕಿದರೆ ಓಡಿಸುತ್ತಾರೆ, ಹಾಗಾದರೆ ಪ್ರಚಾರ ಮಾಡುವುದು ಹೇಗೆ?

ಹೊಸ ಆಪ್, ಹೊಸ ಕೋರ್ಸ್, ಹೊಸ ಉತ್ಪನ್ನ ಕೈಯಲ್ಲಿಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಗ್ರಾಹಕರೆಲ್ಲ ರೆಡಿಟ್‌ನಲ್ಲೋ ಫೇಸ್‌ಬುಕ್ ಗುಂಪುಗಳಲ್ಲೋ ಡಿಸ್ಕಾರ್ಡ್‌ನಲ್ಲೋ ಇದ್ದಾರೆ. ಆದರೆ ಲಿಂಕ್ ಹಾಕಿದರೆ ಪೋಸ್ಟ್ ಮಾಯವಾಗುತ್ತದೆ, ಎರಡನೇ ಸಲ ಹಾಕಿದರೆ ಖಾತೆಯೇ ಹೋಗುತ್ತದೆ. ಇಂಥ ಜಾಗದಲ್ಲಿ ಮಾರ್ಕೆಟಿಂಗ್ ನಿಜಕ್ಕೂ ಸಾಧ್ಯವೇ?"

ಸಾಧ್ಯ, ಒಂದು ಷರತ್ತಿನ ಮೇಲೆ. ನೀವು ಬರೆದದ್ದರಲ್ಲಿ ಲಿಂಕನ್ನು ಅಳಿಸಿಬಿಟ್ಟರೂ ಓದಿದವರ ಕೆಲಸ ಆಗಬೇಕು. ಪೋಸ್ಟ್ ಒತ್ತುವ ಮುನ್ನ ಲಿಂಕ್ ತೆಗೆದು ಒಮ್ಮೆ ಓದಿಕೊಳ್ಳಿ. ಉಳಿದದ್ದರಿಂದ ಕೇಳಿದವರಿಗೆ ಪ್ರಯೋಜನವಿಲ್ಲ ಅನಿಸಿದರೆ ಅದನ್ನು ಹಾಕಬೇಡಿ. ಮುಂದೆ ಹೇಳುವುದೆಲ್ಲ ಈ ಒಂದು ಪರೀಕ್ಷೆಯ ಸುತ್ತಲೇ ಇದೆ.

ಮೊದಲು, ಪೋಸ್ಟ್ ಏಕೆ ಮಾಯವಾಗುತ್ತದೆ? ಅನೇಕ ಸಲ ಅದನ್ನು ತೆಗೆಯುವುದು ಮನುಷ್ಯರಲ್ಲ. ರೆಡಿಟ್‌ನ ಮಾಡರೇಟರ್‌ಗಳ, ಅಂದರೆ ಗುಂಪನ್ನು ನೋಡಿಕೊಳ್ಳುವವರ, ಕೈಯಲ್ಲಿ ಆಟೋಮಾಡರೇಟರ್ ಎಂಬ ಸಾಧನವಿದೆ. ಖಾತೆ ಇಷ್ಟು ದಿನ ಹಳೆಯದಾಗಿರಬೇಕು, ಇಷ್ಟು ಕರ್ಮ ಅಂಕ (ಇತರರ ಮತಗಳಿಂದ ಖಾತೆಗೆ ಸೇರುವ ಅಂಕ) ಇರಬೇಕು, ಇಂತಿಂಥ ಸೈಟ್‌ಗಳ ಲಿಂಕ್ ಬರಕೂಡದು ಎಂದು ಅವರು ಅದಕ್ಕೆ ನಿಯಮ ಬರೆದಿಟ್ಟಿರುತ್ತಾರೆ. ಮಿತಿ ಎಷ್ಟೆಂದು ಬಹಳಷ್ಟು ಕಡೆ ಹೊರಗೆ ಹೇಳುವುದೇ ಇಲ್ಲ, ಹೇಳಿದರೆ ಸ್ಪ್ಯಾಮ್ ಮಾಡುವವರು ಸರಿಯಾಗಿ ಅಷ್ಟೇ ಅಂಕ ಗಳಿಸಿ ನುಗ್ಗುತ್ತಾರೆ. ಲಿಂಕ್ ಕಿರಿದು ಮಾಡುವ ಸೇವೆಗಳ ವಿಳಾಸ ಬಳಸಿದರಂತೂ ಸ್ಪ್ಯಾಮ್ ಫಿಲ್ಟರ್‌ಗೆ ನೀವೇ ಸಿಕ್ಕಿಕೊಟ್ಟಂತೆ. ಇನ್ನೊಂದು ತೊಡಕೆಂದರೆ, ತೆಗೆದುಹಾಕಿದ್ದು ನಿಮಗೆ ತಿಳಿಯದೇ ಹೋಗಬಹುದು. ನಿಮ್ಮ ಖಾತೆಯಿಂದ ನೋಡಿದಾಗ ಪೋಸ್ಟ್ ಇದ್ದಲ್ಲೇ ಇರುತ್ತದೆ. ಲಾಗೌಟ್ ಆಗಿ ಆ ಗುಂಪಿನ ಹೊಸ ಪೋಸ್ಟ್‌ಗಳ ಪಟ್ಟಿ ತೆರೆದು ನೋಡಿ. ಅಲ್ಲಿ ಕಾಣದಿದ್ದರೆ ಅದನ್ನೇ ಇನ್ನೊಮ್ಮೆ ಹಾಕಬೇಡಿ, ಮಾಡರೇಟರ್‌ಗಳಿಗೆ ಎರಡು ಸಾಲಿನ ವಿನಯದ ಸಂದೇಶ ಕಳಿಸಿ ಯಾವ ನಿಯಮ ಅಡ್ಡ ಬಂತೆಂದು ಕೇಳಿ. ಉತ್ತರ ಬಂದರೆ ಒಳ್ಳೆಯದು, ಬರದಿದ್ದರೆ ಅಲ್ಲಿಗೆ ಬಿಡಿ.

ಯಂತ್ರವನ್ನು ದಾಟಿದರೂ ಮನುಷ್ಯರ ಕಣ್ಣು ತಪ್ಪುವುದಿಲ್ಲ. ಅನುಮಾನ ಬಂದ ಕೂಡಲೇ ಓದುಗರು ನಿಮ್ಮ ಹೆಸರಿನ ಮೇಲೆ ಒತ್ತಿ ಹಿಂದಿನ ಬರಹಗಳನ್ನು ನೋಡುತ್ತಾರೆ. ಒಂದೇ ಪೋಸ್ಟ್ ಎಂಟು ಗುಂಪುಗಳಲ್ಲಿ ಅಕ್ಷರ ಬದಲಾಗದೆ ಬಿದ್ದಿದ್ದರೆ ಯಾರಿಗೂ ಹೆಚ್ಚಿನ ವಿವರಣೆ ಬೇಕಿಲ್ಲ. ಈ ಅಸಹನೆಯನ್ನು ಹೊಸದೆಂದು ತಿಳಿಯಬೇಡಿ. 1994ರ ಏಪ್ರಿಲ್‌ನಲ್ಲಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗೆಲ್ ಎಂಬ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಅರ್ಜಿ ಸೇವೆಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಅಂದಿನ ಚರ್ಚಾ ಜಾಲದ 5,000ಕ್ಕೂ ಹೆಚ್ಚು ಗುಂಪುಗಳಿಗೆ ಒಟ್ಟಿಗೆ ಸುರಿದರು, ಗುಂಪಿನ ವಿಷಯ ಯಾವುದೆಂದೂ ನೋಡದೆ. ಸಿಟ್ಟಿನ ಪತ್ರಗಳ ಭಾರಕ್ಕೆ ಅವರ ಇಂಟರ್ನೆಟ್ ಸೇವಾ ಸಂಸ್ಥೆಯ ಸರ್ವರ್‌ಗಳೇ ಕುಸಿದು, ಕೊನೆಗೆ ಅವರ ಖಾತೆ ರದ್ದಾಯಿತು. ಅಂದಿನಿಂದ ಇಂದಿನವರೆಗೆ ಪ್ರತಿ ಚರ್ಚಾ ತಾಣವೂ ಇದೇ ಕಾಟವನ್ನು ತಡೆಯುತ್ತಲೇ ಬೆಳೆದಿದೆ. ತಡೆಯುವ ಮಾಡರೇಟರ್‌ಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಆ ಕೆಲಸ ಮಾಡುವವರು. ಅವರ ಹೊರೆ ಹೆಚ್ಚಿಸಿ ನಿಮ್ಮ ಕೆಲಸ ಆಗುವುದಿಲ್ಲ.

ಇನ್ನು ಜಾಗದ ಆಯ್ಕೆ. ನಿಮ್ಮ ಉತ್ಪನ್ನದ ವರ್ಗದ ಹೆಸರು ಹಾಕಿ ಹುಡುಕಬೇಡಿ, ಗ್ರಾಹಕರು ತಮ್ಮ ತೊಂದರೆಯನ್ನು ಹೇಳಿಕೊಳ್ಳುವ ಮಾತಿನಲ್ಲಿ ಹುಡುಕಿ. "ಇನ್‌ವಾಯ್ಸ್ ಸಾಫ್ಟ್‌ವೇರ್" ಎಂದು ಹುಡುಕಿದರೆ ನಿಮ್ಮಂತೆಯೇ ಮಾರಲು ಬಂದವರು ಸಿಗುತ್ತಾರೆ. "ಗ್ರಾಹಕರು ಹಣ ಕೊಡಲು ಸತಾಯಿಸುತ್ತಿದ್ದಾರೆ" ಎಂದು ಹುಡುಕಿದರೆ ಕೊಳ್ಳುವವರು ಸಿಗುತ್ತಾರೆ. ಸಿಕ್ಕ ಗುಂಪಿನಲ್ಲಿ ಇತ್ತೀಚಿನ ಮೂವತ್ತು ಪೋಸ್ಟ್‌ಗಳನ್ನು ಕುಳಿತು ಓದಿ. ಎಷ್ಟು ಪ್ರಶ್ನೆಗಳಿಗೆ ಉತ್ತರ ಬಂದಿದೆ, ಉತ್ಪನ್ನದ ಹೆಸರು ಹೇಳಿದ ಕಮೆಂಟ್‌ಗೆ ಜನ ಧನ್ಯವಾದ ಹೇಳಿದ್ದಾರೋ ಕೆಳಗೆ ತಳ್ಳಿದ್ದಾರೋ ಎಂಬುದನ್ನು ಗಮನಿಸಿ. ಸದಸ್ಯರ ಸಂಖ್ಯೆಗೆ ಮರುಳಾಗಬೇಡಿ. ಹತ್ತು ಲಕ್ಷ ಸದಸ್ಯರಿದ್ದು ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದಿರುವ ಗುಂಪಿಗಿಂತ, ಎಂಟು ಸಾವಿರ ಸದಸ್ಯರಿದ್ದು ಪ್ರತಿ ಪ್ರಶ್ನೆಗೂ ಐದಾರು ಉತ್ತರ ಬರುವ ಗುಂಪು ಎಷ್ಟೋ ಮೇಲು. ಕೆಲವು ಗುಂಪುಗಳಲ್ಲಿ ವಾರಕ್ಕೊಮ್ಮೆ "ನಿಮ್ಮ ಕೆಲಸ ತೋರಿಸಿ" ಎಂಬ ಥ್ರೆಡ್ ಇರುತ್ತದೆ. ಅಲ್ಲಿ ಹಾಕುವುದು ತಪ್ಪಲ್ಲ, ಆದರೆ ಅಲ್ಲಿ ಎಲ್ಲರೂ ಹಾಕುವವರೇ, ಓದುವವರು ಕಡಿಮೆ. ಎರಡು ಮೂರು ಗುಂಪುಗಳನ್ನು ಆರಿಸಿಕೊಂಡರೆ ಸಾಕು, ಅದಕ್ಕಿಂತ ಹೆಚ್ಚಾದರೆ ಯಾವುದರಲ್ಲೂ ನಿಮ್ಮ ಹೆಸರು ಪರಿಚಯವಾಗುವುದಿಲ್ಲ.

ಈಗ ಉತ್ತರ ಬರೆಯುವ ಬಗೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ಸೋಲು ಗೆಲುವು ಎರಡೂ ಇಲ್ಲೇ.

ನೀವು ಫೋಟೊ ಬ್ಯಾಕಪ್ ಆಪ್ ಮಾರುವವರು ಎಂದುಕೊಳ್ಳಿ. ಒಬ್ಬರು ಕೇಳುತ್ತಾರೆ: "ಹಾರ್ಡ್ ಡಿಸ್ಕ್ ಕೈಕೊಟ್ಟಿತು, ಮಗುವಿನ ಎರಡು ವರ್ಷದ ಫೋಟೊಗಳು ಅದರಲ್ಲೇ ಇದ್ದವು. ಮುಂದೆ ಹೀಗಾಗದಂತೆ ಏನು ಮಾಡಲಿ?" ಸಾಮಾನ್ಯವಾಗಿ ಬೀಳುವ ಉತ್ತರ: "ನಮ್ಮ ಆಪ್ ಬಳಸಿ ನೋಡಿ, ಮೊದಲ ತಿಂಗಳು ಉಚಿತ." ಇದು ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತದೆ, ಅಳಿಸಬೇಕಾದದ್ದೇ. ಈಗ ಇದನ್ನು ಓದಿ:

"ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಮತ್ತೆ ಆನ್ ಮಾಡಲೇಬೇಡಿ, ಪ್ರತಿ ಸಲವೂ ಹಾನಿ ಹೆಚ್ಚಬಹುದು. ಹಾಗೆಯೇ ತೆಗೆದಿಟ್ಟು ಡೇಟಾ ರಿಕವರಿ ಮಾಡುವವರಿಗೆ ತೋರಿಸಿ. ಮುಂದಕ್ಕೆ 3-2-1 ಕ್ರಮ ಇಟ್ಟುಕೊಳ್ಳಿ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಸಿಂಕ್ ಆಗುವ ಫೋಲ್ಡರನ್ನು ಬ್ಯಾಕಪ್ ಎಂದುಕೊಳ್ಳಬೇಡಿ, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಹತ್ತು ಫೋಟೊಗಳನ್ನು ವಾಪಸ್ ಇಳಿಸಿಕೊಂಡು ತೆರೆಯುತ್ತವೆಯೇ ನೋಡಿ. ನಾನು ಒಂದು ಬ್ಯಾಕಪ್ ಆಪ್ ತಯಾರಿಸುವ ಕಂಪನಿಯವನು, ಹೊರಗಿನ ಪ್ರತಿಗೆ ಅದೂ ಒಂದು ದಾರಿ. ಆದರೆ ಅದು ಲಿನಕ್ಸ್‌ನಲ್ಲಿ ಓಡುವುದಿಲ್ಲ. ನಿಮ್ಮ ಫೋಟೊಗಳು ಕಡಿಮೆ ಇದ್ದರೆ, ಪಾಸ್‌ವರ್ಡ್ ಹಾಕಿದ ಇನ್ನೊಂದು ಡಿಸ್ಕನ್ನು ಅಕ್ಕನ ಮನೆಯಲ್ಲಿಟ್ಟು ತಿಂಗಳಿಗೊಮ್ಮೆ ಬದಲಾಯಿಸಿದರೂ ಸಾಕು."

ಇದರಲ್ಲಿ ಮಾರಾಟದ ಮಾತು ಒಂದೇ ಸಾಲು, ಅದೂ ಕೆಲಸಕ್ಕೆ ಬರುವ ಮಾತು ಬಹುಪಾಲು ಮುಗಿದ ಮೇಲೆ. ಕೇಳಿದವರಿಗೆ ಮುಂದಿನದಕ್ಕಿಂತ ಮೊದಲು ಇಂದಿನ ತುರ್ತು ಏನೆಂದು ಹೇಳಿದೆ. ಆಪ್ ಏನು ಮಾಡಲಾರದು ಎಂಬುದನ್ನು ಬಿಚ್ಚಿಟ್ಟಿದೆ, ಕೊಳ್ಳದೆಯೂ ಆಗುವ ದಾರಿ ತೋರಿಸಿದೆ. ಇಷ್ಟಾದ ಮೇಲೆ ಲಿಂಕ್ ಕೂಡ ಬೇಕಿಲ್ಲ, ಹೆಸರು ಪ್ರೊಫೈಲ್‌ನಲ್ಲಿದ್ದರೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ, ಅಥವಾ "ಯಾವ ಆಪ್?" ಎಂದು ಕೇಳುತ್ತಾರೆ. ಕೇಳಿದ ಮೇಲೆ ಕೊಟ್ಟ ಲಿಂಕ್ ಜಾಹೀರಾತಾಗಿ ಕಾಣುವುದು ಅಪರೂಪ.

ನೀವು ಯಾರೆಂದು ಹೇಳಿಕೊಳ್ಳುವುದನ್ನು ಎಂದೂ ಬಿಡಬೇಡಿ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಸ್ವಂತ ಉತ್ಪನ್ನವನ್ನು ಸೂಚಿಸುವಾಗ ಸಂಬಂಧವನ್ನು ಉತ್ತರದಲ್ಲೇ ತಿಳಿಸಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯೂ ಹಣದ ಅಥವಾ ಉದ್ಯೋಗದ ಸಂಬಂಧವನ್ನು ಸ್ಪಷ್ಟವಾಗಿ ಕಾಣುವಂತೆ ಹೇಳಬೇಕೆನ್ನುತ್ತದೆ. ಉತ್ಪನ್ನದ ಹೆಸರು ಬರುವ ಮೊದಲು, ಅದೇ ಕಮೆಂಟ್‌ನಲ್ಲಿ ಹೇಳಿ. ಪ್ರೊಫೈಲ್‌ನಲ್ಲಿದೆಯಲ್ಲ ಎಂಬುದು ಉತ್ತರವಾಗಲಾರದು. ಎರಡು ಖಾತೆ ತೆರೆದು ಒಂದರಿಂದ ಪ್ರಶ್ನೆ ಕೇಳಿ ಇನ್ನೊಂದರಿಂದ ಹೊಗಳುವುದು, ಗೆಳೆಯರಿಂದ "ನಾನೂ ಬಳಸಿದ್ದೇನೆ" ಎನ್ನಿಸುವುದು ಮೋಸ. ಸಿಕ್ಕಿಬೀಳುವ ಭಯಕ್ಕಷ್ಟೇ ಇದನ್ನು ಹೇಳುತ್ತಿಲ್ಲ. ಅಪರಿಚಿತರು ಒಬ್ಬರನ್ನೊಬ್ಬರು ನಂಬಿ ಸಲಹೆ ಕೇಳುವ ಜಾಗಗಳು ಉಳಿದಿರುವುದೇ ಕಡಿಮೆ, ಅದನ್ನು ಕೆಡಿಸುವ ಹಕ್ಕು ಯಾವ ವ್ಯಾಪಾರಕ್ಕೂ ಇಲ್ಲ.

ಹೊಸದನ್ನು ಬಿಡುಗಡೆ ಮಾಡುವಾಗ ಮಾತ್ರ ನೇರ ಪೋಸ್ಟ್ ಬೇಕಾಗುತ್ತದೆ. ಅಲ್ಲಿ ಸಮಯ ಮುಖ್ಯ. ರೆಡಿಟ್‌ನ ಕೋಡ್ ಬಹಿರಂಗವಾಗಿದ್ದ ಕಾಲದ 'ಹಾಟ್' ಪಟ್ಟಿಯ, ಅಂದರೆ ಆ ಹೊತ್ತಿಗೆ ಮೇಲೆ ತೋರಿಸುವ ಪೋಸ್ಟ್‌ಗಳ, ಲೆಕ್ಕ ಹೀಗಿತ್ತು: ಓದುಗರು ಹಾಕಿದ ಮತಗಳನ್ನು ಲಾಗರಿದಮ್‌ನಲ್ಲಿ ಎಣಿಸುವುದರಿಂದ ಮೊದಲ 10 ಮತಗಳಿಗೆ ಇರುವ ತೂಕವೇ ಮುಂದಿನ 90ಕ್ಕೂ. 45,000 ಸೆಕೆಂಡು, ಅಂದರೆ ಹನ್ನೆರಡೂವರೆ ಗಂಟೆ ಹಳೆಯದಾದ ಪೋಸ್ಟ್ ಹೊಸದರ ಸಮಕ್ಕೆ ನಿಲ್ಲಲು ಹತ್ತು ಪಟ್ಟು ಮತ ಬೇಕು. ಈಗ ಇದರ ಮೇಲೆ ಬೇರೆ ಲೆಕ್ಕಗಳೂ ಸೇರಿವೆ, ಆದರೂ ಮೊದಲ ಒಂದೆರಡು ಗಂಟೆಯ ಸ್ಪಂದನೆ ಪೋಸ್ಟಿನ ಹಣೆಬರಹ ಬರೆಯುತ್ತದೆ ಎಂಬುದು ಬದಲಾಗಿಲ್ಲ. ಹಾಗಾಗಿ ಗುಂಪಿನವರು ಎಚ್ಚರವಿರುವ ಹೊತ್ತಿಗೆ ಹಾಕಿ, ಹಾಕಿದ ಮೇಲೆ ಮೂರು ನಾಲ್ಕು ಗಂಟೆ ಬೇರೆ ಕೆಲಸ ಇಟ್ಟುಕೊಳ್ಳದೆ ಪ್ರತಿ ಕಮೆಂಟ್‌ಗೂ ಉತ್ತರಿಸಿ. ಮತ ಹಾಕಿ ಎಂದು ಗೆಳೆಯರಿಗೆ ಲಿಂಕ್ ಹಂಚಬೇಡಿ. ತಂತ್ರಜ್ಞಾನದವರ ಚರ್ಚಾ ತಾಣ ಹ್ಯಾಕರ್ ನ್ಯೂಸ್ ಇಂಥ ಗುಂಪು ಮತವನ್ನು ಪತ್ತೆಹಚ್ಚುತ್ತದೆ, ಆ ಮತಗಳಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಲ್ಲಿನ 'ಶೋ ಎಚ್‌ಎನ್' ವಿಭಾಗಕ್ಕೆ ಜನ ಅಲ್ಲೇ ಬಳಸಿ ನೋಡಬಹುದಾದ ವಸ್ತು ಬೇಕು. ಇಮೇಲ್ ಕೊಟ್ಟು ಕಾಯಿರಿ ಎನ್ನುವ ಪುಟ, ಸುದ್ದಿಪತ್ರ, ಲೇಖನ ಅಲ್ಲಿಗೆ ಸಲ್ಲುವುದಿಲ್ಲ.

ಟೀಕೆ ಬಂದೇ ಬರುತ್ತದೆ. ಯಾರಾದರೂ "ನಿಮ್ಮ ಆಪ್ ಅರ್ಧದಲ್ಲೇ ನಿಂತುಹೋಯಿತು" ಎಂದರೆ, ಯಾವ ಫೋನ್, ಯಾವ ಆವೃತ್ತಿ, ಎಷ್ಟು ಫೈಲ್‌ಗಳಾದ ಮೇಲೆ ಎಂದು ಕೇಳಿ. ಸರಿಪಡಿಸಿದ ಮೇಲೆ ಅದೇ ಥ್ರೆಡ್‌ಗೆ ಮರಳಿ ಏನಾಗಿತ್ತು, ಯಾವ ಆವೃತ್ತಿಯಲ್ಲಿ ಸರಿಯಾಗಿದೆ ಎಂದು ಬರೆಯಿರಿ. ಹೀಗೆ ಮರಳಿ ಬಂದು ಹೇಳುವವರು ಕಡಿಮೆ, ಅದಕ್ಕೇ ಅದು ಹತ್ತು ಹೊಗಳಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಖಾಸಗಿ ಸಂದೇಶಕ್ಕೆ ಬನ್ನಿ ಎಂದು ಎಳೆದುಕೊಂಡು ಹೋದರೆ, ಅದೇ ತೊಂದರೆಯಿರುವ ಮುಂದಿನವರಿಗೆ ಏನೂ ಉಳಿಯುವುದಿಲ್ಲ.

ಫಲ ಅಳೆಯುವುದು ಇಲ್ಲಿ ಕಷ್ಟ. ಲಿಂಕ್ ಬಾಲಕ್ಕೆ ಯುಟಿಎಂ ಗುರುತು (ಭೇಟಿ ಎಲ್ಲಿಂದ ಬಂತೆಂದು ತಿಳಿಸುವ ಪದಗಳು) ಅಂಟಿಸಿದರೆ ಎಣಿಕೆ ಸಿಗುತ್ತದೆ, ಆದರೆ ಆ ಉದ್ದ ಬಾಲ ಕಂಡ ಕೂಡಲೇ ಇದು ಮಾರ್ಕೆಟಿಂಗ್‌ನವರ ಕೈಚಳಕ ಎಂದು ಜನ ಗುರುತಿಸುತ್ತಾರೆ. ಕಮೆಂಟ್‌ಗಳಲ್ಲಿ ಸ್ವಚ್ಛ ವಿಳಾಸವನ್ನೇ ಕೊಡಿ. ಬಹಳ ಜನ ಲಿಂಕ್ ಒತ್ತದೆ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಬರುತ್ತಾರೆ, ಆಪ್‌ಗಳೊಳಗಿಂದ ಬಂದ ಭೇಟಿ ಅನೇಕ ಸಲ ಎಲ್ಲಿಂದ ಬಂತೆಂಬ ಗುರುತಿಲ್ಲದೆ ದಾಖಲಾಗುತ್ತದೆ. ಆದ್ದರಿಂದ ನೋಂದಣಿ ಫಾರ್ಮ್‌ನಲ್ಲಿ "ನಮ್ಮ ಬಗ್ಗೆ ಎಲ್ಲಿ ತಿಳಿಯಿತು?" ಎಂಬ ಒಂದು ಖಾಲಿ ಸಾಲು ಇಡಿ. ಆಯ್ಕೆಗಳ ಪಟ್ಟಿ ಕೊಡಬೇಡಿ, ಕೊಟ್ಟರೆ ಮೊದಲನೆಯದನ್ನು ಒತ್ತಿ ಮುಂದೆ ಹೋಗುತ್ತಾರೆ. ಸೈಟ್ ಮಾಲೀಕರಿಗೆ ಹುಡುಕಾಟದ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಹೆಸರಿನ ಹುಡುಕಾಟ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ನೋಡಿ.

ಮತ, ಕಮೆಂಟ್‌ಗಳ ಸಂಖ್ಯೆಯಿಂದ ಓದುಗರನ್ನು ಅಂದಾಜು ಮಾಡಬೇಡಿ. ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ವಿವರಿಸಿದಂತೆ, ಇಂಥ ತಾಣಗಳಲ್ಲಿ ನೂರರಲ್ಲಿ ಸುಮಾರು 90 ಪಾಲು ಜನ ಬರೀ ಓದುವವರು, 9 ಪಾಲು ಆಗೀಗ ಬರೆಯುವವರು, ಹೆಚ್ಚಿನದನ್ನು ಬರೆಯುವುದು ಉಳಿದ 1 ಪಾಲು. ನೀವು ಬರೆಯುವುದು ಆ ಮೌನದ ತೊಂಬತ್ತಕ್ಕೆ, ಮತ್ತು ಮುಂದೆ ಹುಡುಕಿ ಬರುವವರಿಗೆ. ಹಳೆಯ ಥ್ರೆಡ್‌ಗಳು ವರ್ಷಗಟ್ಟಲೆ ಹುಡುಕಾಟದಲ್ಲಿ ಮೇಲೆ ಕಾಣುತ್ತವೆ. ಡಿಸ್ಕಾರ್ಡ್, ಟೆಲಿಗ್ರಾಂ ಗುಂಪುಗಳ ಮಾತು ಮಾತ್ರ ಸಾಮಾನ್ಯವಾಗಿ ಹುಡುಕಾಟಕ್ಕೆ ಸಿಗದೆ ಮೇಲಕ್ಕೆ ಸರಿದು ಮರೆಯಾಗುತ್ತದೆ. ಸಮಯ ಕಡಿಮೆ ಇದ್ದವರು ಹುಡುಕಾಟಕ್ಕೆ ಸಿಗುವ ತಾಣದಲ್ಲೇ ಬರೆಯುವುದು ಜಾಣತನ. ಲಿಂಕ್‌ನಿಂದ ನಿಮ್ಮ ಸೈಟಿನ ರ‍್ಯಾಂಕ್ ಏರುತ್ತದೆ ಎಂಬ ಆಸೆ ಬೇಡ. ಕಮೆಂಟ್ ಸ್ಪ್ಯಾಮ್ ತಡೆಯಲೆಂದೇ 2005ರಲ್ಲಿ, ಈ ಲಿಂಕನ್ನು ರ‍್ಯಾಂಕ್‌ಗೆ ಲೆಕ್ಕ ಹಿಡಿಯಬೇಡಿ ಎಂದು ಹುಡುಕಾಟ ತಾಣಗಳಿಗೆ ಹೇಳುವ ನೋಫಾಲೋ ಗುರುತು ಬಂತು, ಬಳಕೆದಾರರು ಹಾಕುವ ಲಿಂಕ್‌ಗಳಿಗೆ ದೊಡ್ಡ ತಾಣಗಳು ಅಂಥ ಗುರುತನ್ನು ಹಾಕಿಯೇ ಬಿಡುತ್ತವೆ.

ಯಾರು ಬರೆಯಬೇಕು? ಉತ್ಪನ್ನವನ್ನು ತಯಾರಿಸುವವರು, ಇಲ್ಲವೇ ಗ್ರಾಹಕರ ದೂರು ಕೇಳುವವರು. ಹೊರಗಿನ ಏಜೆನ್ಸಿಗೆ ವಹಿಸಿದರೆ ಎರಡನೇ ಮರುಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಎಐನಿಂದ ಉತ್ತರ ಬರೆಸಿ ಅಂಟಿಸುವವರಿಗೂ ಇದೇ ಗತಿ. ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಅಂಥ ಉತ್ತರಗಳನ್ನು ನಿಷೇಧಿಸಿತು, ನೋಡಲು ಸರಿಯೆನಿಸಿ ಒಳಗೆ ತಪ್ಪಿರುವ ಉತ್ತರಗಳು ರಾಶಿ ಬೀಳುತ್ತಿದ್ದವೆಂದು. ದಿನಕ್ಕೆ ಅರ್ಧ ಗಂಟೆ ಕೊಡಿ. ಎಫ್5ಬಾಟ್‌ನಂಥ ಸೇವೆಯಲ್ಲಿ ನಿಮ್ಮ ವಿಷಯದ ನಾಲ್ಕೈದು ಪದಗಳನ್ನು ಹಾಕಿಟ್ಟರೆ ರೆಡಿಟ್ ಮತ್ತು ಹ್ಯಾಕರ್ ನ್ಯೂಸ್‌ನಲ್ಲಿ ಅವು ಬಂದಾಗ ಇಮೇಲ್ ಬರುತ್ತದೆ, ಇಡೀ ದಿನ ಸ್ಕ್ರೋಲ್ ಮಾಡುವುದು ತಪ್ಪುತ್ತದೆ. ಮೊದಲ ಒಂದು ತಿಂಗಳು ಉತ್ಪನ್ನದ ಹೆಸರೆತ್ತದೆ ಉತ್ತರಿಸಿ. ಆಮೇಲೂ ಹತ್ತು ಉತ್ತರಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ನಿಮ್ಮ ಹೆಸರು ಬರದಂತೆ ನೋಡಿಕೊಳ್ಳಿ. ರೆಡಿಟ್‌ನಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಅಳತೆಯೂ ಇದೇ.

ಮುಂದಿನ ವಾರವೇ ಮಾರಾಟ ಏರಬೇಕೆಂದಿದ್ದರೆ ಈ ದಾರಿ ಬೇಡ, ಅದೇ ತಾಣಗಳಲ್ಲಿ ಹಣ ಕೊಟ್ಟು ಹಾಕುವ ಜಾಹೀರಾತಿದೆ, ಅದನ್ನೇ ಬಳಸಿ. ಉತ್ಪನ್ನ ಇನ್ನೂ ಪದೇ ಪದೇ ಕೈಕೊಡುತ್ತಿದ್ದರೂ ಬೇಡ, ಏಕೆಂದರೆ ದೂರುಗಳೂ ಅಷ್ಟೇ ವರ್ಷ ಹುಡುಕಾಟದಲ್ಲಿ ಉಳಿಯುತ್ತವೆ. ನಮ್ಮದೇ ಒಂದು ಗುಂಪು ತೆರೆಯೋಣವೇ ಎಂದೂ ಹಲವರು ಕೇಳುತ್ತಾರೆ. ಬೇರೆಯವರ ಗುಂಪಿನಲ್ಲಿ ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಬಳಕೆದಾರರು ಒಬ್ಬರಿಗೊಬ್ಬರು ಉತ್ತರ ಕೊಡತೊಡಗಿದಾಗ ತೆರೆಯಿರಿ. ಅದಕ್ಕೆ ಮುಂಚೆ ತೆರೆದರೆ ಪ್ರಶ್ನೆಯೂ ನಿಮ್ಮದೇ, ಉತ್ತರವೂ ನಿಮ್ಮದೇ ಆಗುತ್ತದೆ, ಬಂದ ಹೊಸಬರು ಅದನ್ನು ನೋಡಿ ಹಿಂದಿರುಗುತ್ತಾರೆ.