ಗೋಧಿ ಹುಲ್ಲಿನ ಗೊಬ್ಬರದಲ್ಲಿ ಬಟನ್ ಅಣಬೆ
ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಭತ್ತದ ಹುಲ್ಲಿಗೆ ಕೊರತೆಯಿಲ್ಲ. ಚಿಪ್ಪು ಅಣಬೆಗೆ ಅದೇ ಸಾಕು. ಆದರೆ ಬಟನ್ ಅಣಬೆಗೆ ಚೆನ್ನಾಗಿ ಕಳಿತ ಗೊಬ್ಬರವೇ ಬೇಕಾದ್ದರಿಂದ, ಮಲೆನಾಡಿನವರು ಬೆಳೆಯದ ಗೋಧಿಯ ಹುಲ್ಲನ್ನು ಧಾರವಾಡದ ಕಡೆಯಿಂದ ತರಿಸಿದೆ. ಹುಲ್ಲನ್ನು ನೆನೆಸಿ, ಕೋಳಿಗೊಬ್ಬರ, ಗೋಧಿ ಬೂಸಾ, ಯೂರಿಯಾ ಬೆರೆಸಿ ಸೂರಿನಡಿ ರಾಶಿ ಹಾಕಿ, ಕೆಲವು ದಿನಗಳಿಗೊಮ್ಮೆ ಮಗುಚುತ್ತ, ನಡುವೆ ಜಿಪ್ಸಂ ಸೇರಿಸುವ ಈ ದೀರ್ಘ ವಿಧಾನಕ್ಕೆ ಸುಮಾರು 28 ದಿನಗಳು ಬೇಕು. ರಾಶಿಯ ಒಡಲಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಜಡಿಮಳೆಯ ಬೆಳಿಗ್ಗೆ ಅದರಿಂದೇಳುವ ಹಬೆಯನ್ನು ನೋಡುತ್ತ ನಿಲ್ಲುವುದು ನನಗೆ ಬಹಳ ಇಷ್ಟ.

ಮೊದಲ ಸಲ ಅಮೋನಿಯಾ ವಾಸನೆ ಪೂರ್ತಿ ಹೋಗುವ ಮುನ್ನವೇ ಅಣಬೆ ಬೀಜ ಬಿತ್ತಿ ಎಲ್ಲವನ್ನೂ ಕಳೆದುಕೊಂಡೆ. ಈಗ ಒಂದು ಹಿಡಿ ಗೊಬ್ಬರವನ್ನು ಹಿಂಡಿ, ಅಂಗೈ ತೇವವಾದರೂ ನೀರು ಸುರಿಯದಿದ್ದರೆ, ಮೂಸಿ ನೋಡಿದ ಬಳಿಕವಷ್ಟೇ ಬಿತ್ತುತ್ತೇನೆ. ಅಣಬೆ ಮೂಡಲು 14ರಿಂದ 18 ಡಿಗ್ರಿಯ ತಂಪು ಬೇಕು. ನಮ್ಮ ಚಳಿಗಾಲದಲ್ಲಿಯೂ ಹಗಲು ಬಿಸಿಲೇರುವುದರಿಂದ ಕೋಣೆಗೆ ಎಸಿ ಹಾಕಿಸಿದ್ದೇನೆ.